ಗೇಟಿನ ನಂಬರು ಒಂದೇ, ಒಳಗೆ ಹತ್ತು ಮನೆ: ಒಂದು ಇಂಟರ್ನೆಟ್ ಸಂಪರ್ಕ ಮನೆಯ ಕಂಪ್ಯೂಟರುಗಳಿಗೆಲ್ಲ ಹಂಚಿಹೋಗುವ ಬಗೆ

ಸಂಜೆ ಏಳು ಗಂಟೆ. ನಡುಮನೆಯ ಟಿವಿಯಲ್ಲಿ ಕ್ರಿಕೆಟ್, ಕೋಣೆಯೊಳಗೆ ಮಗಳ ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ಪಾಠ, ನನ್ನ ಮೇಜಿನ ಕಂಪ್ಯೂಟರಿನಲ್ಲಿ ಆಫೀಸಿನ ಕೆಲಸ, ಅಡುಗೆಮನೆಯಲ್ಲಿ ಅಮ್ಮನ ಫೋನಿನಲ್ಲಿ ಯಕ್ಷಗಾನ. ಗೋಡೆಯ ತೂತಿನಿಂದ ಒಳಗೆ ಬಂದಿರುವ ಫೈಬರ್ ಮಾತ್ರ ಒಂದೇ ಎಳೆ, ತಲೆಗೂದಲಿನಷ್ಟು ದಪ್ಪದ ಗಾಜು. ಅದರೊಳಗೆ ಎಲ್ಲರದೂ ಬೆರೆತೇ ಬರುತ್ತದೆ. ಆದರೂ ಯಕ್ಷಗಾನದ ಚೆಂಡೆ ಒಂದು ದಿನವೂ ದಾರಿ ತಪ್ಪಿ ನನ್ನ ಕಂಪ್ಯೂಟರಿಗೆ ಬಂದಿಲ್ಲ, ಮಗಳ ಪಾಠ ಟಿವಿಯಲ್ಲಿ ಮೂಡಿಲ್ಲ.

ಇದು ಸಹಜ ಅನ್ನಿಸಬಹುದು. ಒಂದು ಪರೀಕ್ಷೆ ಮಾಡಿದರೆ ಹಾಗನ್ನಿಸುವುದಿಲ್ಲ. ಮನೆಯ ಎರಡು ಕಂಪ್ಯೂಟರುಗಳಲ್ಲಿ ‘ನನ್ನ ಐಪಿ ವಿಳಾಸ ಯಾವುದು’ ಎಂದು ಹುಡುಕಿ, ನಾಲ್ಕು ಸಂಖ್ಯೆಗಳನ್ನು ಚುಕ್ಕಿಯಿಂದ ಜೋಡಿಸಿದ ವಿಳಾಸವನ್ನು ನೋಡಿ. ಎರಡರಲ್ಲೂ ಒಂದೇ ವಿಳಾಸ ಬರುತ್ತದೆ. ಈಗ ಅವೇ ಕಂಪ್ಯೂಟರುಗಳ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಬೇರೆಯೇ ವಿಳಾಸಗಳಿರುತ್ತವೆ: ಒಂದಕ್ಕೆ 192.168.1.5, ಇನ್ನೊಂದಕ್ಕೆ 192.168.1.8. ಪಕ್ಕದ ಮನೆಗೆ ಹೋಗಿ ನೋಡಿದರೆ ಅವರ ಲ್ಯಾಪ್‌ಟಾಪೂ 192.168.1.5 ಅನ್ನುತ್ತಿರಬಹುದು! ಹಾಗಾದರೆ ಹೊರಗಿನಿಂದ ಬಂದ ಉತ್ತರ ಸರಿಯಾದ ಮನೆಗೆ, ಆ ಮನೆಯೊಳಗಿನ ಸರಿಯಾದ ಯಂತ್ರಕ್ಕೆ ತಲುಪುವುದು ಹೇಗೆ? ಇದೊಂದು ಅರ್ಥವಾದರೆ ಮನೆಯ ನೆಟ್ ಕುರಿತ ಮುಕ್ಕಾಲು ಪಾಲು ಗೊಂದಲ ಬಗೆಹರಿಯುತ್ತದೆ ಎಂಬುದು ನನ್ನ ಅನುಭವ.

ವಠಾರದಲ್ಲಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಬೀದಿಗೆ ಒಂದು ಗೇಟು, ಗೇಟಿಗೆ ಕಾರ್ಪೊರೇಷನ್ನಿನ ಒಂದೇ ಡೋರ್ ನಂಬರು. ಒಳಗೆ ಎದುರುಬದುರಾಗಿ ಎಂಟು ಹತ್ತು ಮನೆಗಳು. ಆ ಮನೆಗಳ ಬಾಗಿಲ ಮೇಲೆ ಓನರಜ್ಜಿ ಸುಣ್ಣದಲ್ಲಿ ಬರೆಸಿದ 1, 2, 3. ಈ ಒಳನಂಬರುಗಳು ಅಂಚೆ ಕಚೇರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಪಕ್ಕದ ವಠಾರದಲ್ಲೂ ಒಂದು 5ನೇ ಮನೆಯಿದೆ, ಅದರಾಚೆಯದರಲ್ಲೂ ಇದೆ. ಅದರಿಂದ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಆ ನಂಬರು ಗೇಟು ದಾಟಿ ಹೊರಗೆ ಹೋಗುವುದೇ ಇಲ್ಲ. 192.168 ಎಂದು ಶುರುವಾಗುವ ವಿಳಾಸಗಳು ಇಂಥ ಒಳನಂಬರುಗಳು. ಇಂಟರ್ನೆಟ್ಟಿಗೆ ಗೊತ್ತಿರುವುದು ಗೇಟಿನ ನಂಬರು ಮಾತ್ರ. ಗೇಟಿನಲ್ಲಿ ಕೂತು ಒಳಹೊರಗಿನ ಲೆಕ್ಕ ಇಡುವ ಓನರಜ್ಜಿಯೇ ರೂಟರ್, ಅಂದರೆ ಮನೆಯ ವೈಫೈ ಡಬ್ಬಿ.

ಪ್ರತಿ ಕಂಪ್ಯೂಟರಿಗೂ ಒಂದೊಂದು ಹೊರನಂಬರನ್ನೇ ಏಕೆ ಕೊಡಲಿಲ್ಲ? ಕೊಡಲು ಅಷ್ಟು ನಂಬರುಗಳೇ ಇರಲಿಲ್ಲ. 1981ರಲ್ಲಿ ನಿಗದಿಯಾದ ಐಪಿ ವಿಳಾಸ 32 ಬಿಟ್ಟುಗಳದು, ಅಂದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾಲಯಗಳಲ್ಲಿ ಕೆಲವೇ ಕಂಪ್ಯೂಟರುಗಳು ಜೋಡಣೆಯಾಗಿದ್ದ ಆ ಕಾಲಕ್ಕೆ ಅದು ಮುಗಿಯದ ಭಂಡಾರ. ತೊಂಬತ್ತರ ದಶಕ ಬರುವಷ್ಟರಲ್ಲಿ ಅದು ಸಾಲದೆಂಬುದು ಖಚಿತವಾಗಿತ್ತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬ ಇಬ್ಬರು ಒಂದು ದಾಖಲೆಯಲ್ಲಿ ವಿಳಾಸ ಬದಲಿಸುವ ಉಪಾಯವನ್ನು ಮುಂದಿಟ್ಟರು. ಅದೇ ನ್ಯಾಟ್. ದೊಡ್ಡ ಪರಿಹಾರ ಬರುವ ತನಕ ಕೈಹಿಡಿಯಲಿ ಎಂದು ಸೂಚಿಸಿದ ಅಲ್ಪಾವಧಿಯ ವ್ಯವಸ್ಥೆ ಅದು. ಮೂವತ್ತು ವರ್ಷ ದಾಟಿದ ಮೇಲೂ ನಮ್ಮ ನಿಮ್ಮ ಮನೆಗಳು ಅದರ ಮೇಲೆಯೇ ನಡೆಯುತ್ತಿವೆ. ಅದೇ 1994ರ ಮಾರ್ಚ್ ತಿಂಗಳಲ್ಲಿ ಒಳನಂಬರುಗಳಿಗೆಂದೇ ಮೂರು ಗುಂಪುಗಳನ್ನು ಎತ್ತಿಟ್ಟಿದ್ದರು: 10 ಎಂದು ಶುರುವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168. ಮೊದಲನೆಯದರಲ್ಲಿ ಒಂದು ಕೋಟಿ 67 ಲಕ್ಷ ವಿಳಾಸಗಳಿವೆ, ದೊಡ್ಡ ಕಂಪನಿಗಳು ಅದನ್ನು ಬಳಸುತ್ತವೆ. ಕೊನೆಯದರಲ್ಲಿರುವುದು 65,536, ಮನೆಗಳಿಗೆ ಅದೇ ಧಾರಾಳ. 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕಡೆಯ ಹೊರನಂಬರಿನ ಕಂತುಗಳೂ ಹಂಚಿಹೋದವು.

ಈಗ ಅಜ್ಜಿಯ ಪುಸ್ತಕವನ್ನು ತೆರೆದು ನೋಡೋಣ. ನಮ್ಮ ಮನೆಯ ಹೊರನಂಬರು 203.0.113.7 ಎಂದಿಟ್ಟುಕೊಳ್ಳಿ. ಆ ಸಾಲಿನ ವಿಳಾಸಗಳನ್ನು ಪಾಠದ ಉದಾಹರಣೆಗಳಿಗೆಂದೇ ಮೀಸಲಿಟ್ಟಿದ್ದಾರೆ, ಯಾರ ಮನೆಯದೂ ಅಲ್ಲ. ಮಗಳ ಲ್ಯಾಪ್‌ಟಾಪ್, ಅಂದರೆ 192.168.1.5, ಒಂದು ವೆಬ್‌ಸೈಟಿಗೆ ಕಾಗದ ಬರೆಯುತ್ತದೆ. ಇಂಟರ್ನೆಟ್ಟಿನ ಹೆಚ್ಚುಕಡಿಮೆ ಪ್ರತಿ ಕಾಗದದ ಮೇಲೂ ವಿಳಾಸದ ಜೊತೆಗೆ ಇನ್ನೊಂದು ಸಂಖ್ಯೆ ಇರುತ್ತದೆ, ಅದಕ್ಕೆ ಪೋರ್ಟ್ ಎಂದು ಹೆಸರು. 65,535ರವರೆಗಿನ ಯಾವುದಾದರೂ ಸಂಖ್ಯೆ. ‘ಉತ್ತರ ಬರೆದರೆ ಇದನ್ನು ನಮೂದಿಸಿ’ ಎಂದು ಸರ್ಕಾರಿ ಪತ್ರಗಳಲ್ಲಿ ಕಡತ ಸಂಖ್ಯೆ ಹಾಕುತ್ತಾರಲ್ಲ, ಅದರ ಹಾಗೆ. ಲ್ಯಾಪ್‌ಟಾಪ್ 51000 ಎಂದು ಬರೆದುಕೊಂಡಿತು. ಕಾಗದ ರೂಟರಿಗೆ ಬಂದಾಗ ಅದು ‘ಇಂದ’ ಎಂಬಲ್ಲಿದ್ದ ಒಳನಂಬರನ್ನು ಒರೆಸಿ ಗೇಟಿನ ನಂಬರು ಬರೆಯುತ್ತದೆ. ತನ್ನ ಪುಸ್ತಕದಲ್ಲಿ ಒಂದು ಸಾಲು ಸೇರಿಸುತ್ತದೆ: ಕಡತ 51000, 5ನೇ ಮನೆಯದು. ಆ ಹೊತ್ತಿಗೇ ಟಿವಿಯೂ ಒಂದು ಕಾಗದ ಕಳಿಸಿತು, ಕಾಕತಾಳೀಯವಾಗಿ ಅದರ ಮೇಲೂ 51000 ಎಂದೇ ಇದೆ. ರೂಟರ್ ತಬ್ಬಿಬ್ಬಾಗುವುದಿಲ್ಲ. ಟಿವಿಯ ಕಾಗದದ ಕಡತ ಸಂಖ್ಯೆಯನ್ನು 62014 ಎಂದು ತಿದ್ದಿ, ಪುಸ್ತಕದಲ್ಲಿ ಹಾಗೆಂದು ಬರೆದಿಟ್ಟು ಹೊರಗೆ ಬಿಡುತ್ತದೆ. ಉತ್ತರಗಳು ಬಂದಾಗ ಎರಡರ ಮೇಲೂ ಒಂದೇ ವಿಳಾಸ, 203.0.113.7. ರೂಟರ್ ಕಡತ ಸಂಖ್ಯೆ ನೋಡುತ್ತದೆ, ಪುಸ್ತಕ ತಿರುವುತ್ತದೆ, ಹಳೆಯ ಒಳನಂಬರನ್ನು ಮತ್ತೆ ಬರೆದು ಆಯಾ ಯಂತ್ರಕ್ಕೆ ತಲುಪಿಸುತ್ತದೆ. ಸೆಕೆಂಡಿಗೆ ಸಾವಿರಾರು ಕಾಗದಗಳಿಗೆ ಹೀಗೆ ಮಾಡುತ್ತದೆ, ಒಂದೂ ತಪ್ಪದೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯ ಈ ಲೆಕ್ಕ ನನಗೆ ಇವತ್ತಿಗೂ ಬೆರಗು.

ಪುಸ್ತಕದ ಸಾಲುಗಳು ಶಾಶ್ವತವಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ಮಾತೇ ನಡೆಯದಿದ್ದರೆ ರೂಟರ್ ಆ ಸಾಲನ್ನು ಹೊಡೆದುಹಾಕುತ್ತದೆ. ಮೆಸೇಜಿನ ಆ್ಯಪ್‌ಗಳು ಸುಮ್ಮನಿದ್ದಾಗಲೂ ಆಗಾಗ ‘ಇದ್ದೇನೆ’ ಎಂದು ಒಂದು ಚೂರು ಕಳಿಸುವುದಕ್ಕೆ ಇದೂ ಒಂದು ಕಾರಣ. ರೂಟರನ್ನು ಆರಿಸಿ ಹಚ್ಚಿದರೆ ಪುಸ್ತಕವೇ ಖಾಲಿ. ನಡೆಯುತ್ತಿದ್ದ ಸಂಭಾಷಣೆಗಳೆಲ್ಲ ಹೊಸದಾಗಿ ಶುರುವಾಗಬೇಕು.

ಪುಸ್ತಕದಲ್ಲಿ ಸಾಲು ಮೂಡುವುದು ಒಳಗಿನವರು ಮೊದಲು ಮಾತಾಡಿದಾಗ ಮಾತ್ರ ಎಂಬುದನ್ನು ಗಮನಿಸಿ. ಹೊರಗಿನಿಂದ ಯಾರೋ ತಾವಾಗಿ ಬಂದು ಗೇಟು ಬಡಿದರೆ ಯಾವ ಮನೆಗೆ ಕಳಿಸಬೇಕೆಂದು ರೂಟರಿಗೆ ತಿಳಿಯದು, ಹಾಗಾಗಿ ಕಾಗದವನ್ನು ಬಿಸಾಡುತ್ತದೆ. ಇದರಿಂದ ಒಂದಿಷ್ಟು ರಕ್ಷಣೆ ತಾನಾಗಿ ಸಿಗುತ್ತದೆ. ತೊಂದರೆಯೂ ಆಗುತ್ತದೆ. ತೋಟದ ಮನೆಗೆ ಸಿಸಿಟಿವಿ ಹಾಕಿಸಿ, ಊರಿನಿಂದ ಅದನ್ನು ನೇರವಾಗಿ ನೋಡಬೇಕೆಂದವರಿಗೆ ಇದು ಗೊತ್ತು. ಆಗ ರೂಟರಿಗೆ ಮೊದಲೇ ಹೇಳಿಡಬೇಕು, ‘ಈ ಕಡತ ಸಂಖ್ಯೆ ಹೊತ್ತು ಯಾರೇ ಬಂದರೂ 9ನೇ ಮನೆಗೆ ಕಳಿಸು’ ಎಂದು. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಇಷ್ಟೇ. ಕ್ಯಾಮೆರಾ ಪೆಟ್ಟಿಗೆಯ ಹುಟ್ಟು ಪಾಸ್‌ವರ್ಡನ್ನು ಬದಲಿಸದೆ ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ತೆರೆದ ಬಾಗಿಲಿಗಾಗಿ ಇಡೀ ಇಂಟರ್ನೆಟ್ಟನ್ನು ತಡಕುವ ಯಂತ್ರಗಳು ಹಗಲಿರುಳೂ ಓಡುತ್ತಿರುತ್ತವೆ.

ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ನಾನು ಒಂದು ಭಾನುವಾರ ಇಡೀ ಇದರ ಹಿಂದೆ ಬಿದ್ದಿದ್ದೆ. ಕೊನೆಗೆ ಬ್ರೌಸರಿನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರಿನ ಹೊರಬದಿಯ ವಿಳಾಸ, ಎಂದಿರುವ ಸಾಲನ್ನು ನೋಡಿದೆ, 100.72 ಎಂದು ಶುರುವಾಗಿತ್ತು. ವೆಬ್‌ಸೈಟು ತೋರಿಸುತ್ತಿದ್ದದ್ದು ಬೇರೆಯೇ ವಿಳಾಸ. ಗೇಟಿನ ನಂಬರು ಅಂದುಕೊಂಡಿದ್ದೂ ಇನ್ನೊಂದು ದೊಡ್ಡ ವಠಾರದ ಒಳನಂಬರೇ ಆಗಿತ್ತು. ಹೊರನಂಬರು ಸಾಲದ ಸಂಪರ್ಕ ಕಂಪನಿಗಳು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ಇಂಥ ಕಡೆ ನಿಮ್ಮ ರೂಟರಿನಲ್ಲಿ ಏನು ಬರೆದರೂ ಹೊರಗಿನ ದೊಡ್ಡ ಗೇಟು ತೆರೆಯುವುದಿಲ್ಲ. ಕಂಪನಿಯಿಂದ ಸ್ಥಿರ ಐಪಿ, ಅಂದರೆ ನಮಗೇ ಮೀಸಲಾದ ಹೊರನಂಬರು, ಕೇಳಿ ಪಡೆಯಬೇಕು, ಇಲ್ಲವೇ ಕ್ಯಾಮೆರಾ ತಯಾರಕರ ಆ್ಯಪ್ ಬಳಸಬೇಕು. ಆ್ಯಪ್‌ನಲ್ಲಿ ಕ್ಯಾಮೆರಾವೇ ಮೊದಲು ಹೊರಗೆ ಮಾತಾಡಿ ದಾರಿ ತೆರೆದಿಟ್ಟಿರುತ್ತದೆ.

ಒಳನಂಬರು ಕೊಡುವವರು ಯಾರು? ಅದೂ ರೂಟರೇ. ಹೊಸ ಕಂಪ್ಯೂಟರ್ ವೈಫೈಗೆ ಸೇರಿದ ಕೂಡಲೇ ‘ಇಲ್ಲಿ ನಂಬರು ಕೊಡುವವರು ಯಾರಿದ್ದೀರಿ?’ ಎಂದು ಕೂಗುತ್ತದೆ. ರೂಟರ್ ಒಂದು ಖಾಲಿ ನಂಬರನ್ನು ಮುಂದಿಡುತ್ತದೆ, ಕಂಪ್ಯೂಟರ್ ‘ಅದೇ ಸಾಕು’ ಅನ್ನುತ್ತದೆ, ರೂಟರ್ ‘ಇಷ್ಟು ಹೊತ್ತಿಗೆ ನಿನ್ನದು’ ಎಂದು ಮುದ್ರೆ ಒತ್ತುತ್ತದೆ. ಡಿಎಚ್‌ಸಿಪಿ ಎಂಬ ಈ ವ್ಯವಹಾರ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಿಮ್ಮ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ ಆ ಕೂಗಿಗೆ ಯಾರೂ ಓಗೊಟ್ಟಿಲ್ಲ ಎಂದರ್ಥ. ಅಂಥ ಹೊತ್ತಿನಲ್ಲಿ ಸಂಪರ್ಕ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಕೆಟ್ಟಿರುವುದು ಮನೆಯೊಳಗೆ.

ಈ ಡಬ್ಬಿಗಳು ಬರುವ ಮುಂಚೆಯೂ ಹಂಚಿಕೆ ಇತ್ತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿದ ಒಂದು ಕಂಪ್ಯೂಟರಿಗೆ ಮಾತ್ರ. 1999ರಲ್ಲಿ ವಿಂಡೋಸ್ 98ರ ಎರಡನೇ ಆವೃತ್ತಿ ಬಂದಾಗ ಅದರಲ್ಲಿ ಸಂಪರ್ಕ ಹಂಚುವ ಸೌಲಭ್ಯವಿತ್ತು. ಮೋಡೆಮ್ ಇರುವ ಕಂಪ್ಯೂಟರೇ ಓನರಜ್ಜಿಯ ಕೆಲಸ ಮಾಡುತ್ತಿತ್ತು, ತನಗೆ 192.168.0.1 ಎಂದು ಹೆಸರಿಟ್ಟುಕೊಂಡು. ಅದನ್ನು ಆರಿಸಿದರೆ ಮನೆಗೆಲ್ಲ ನೆಟ್ ಇಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ 256 ಕೆಬಿಪಿಎಸ್ ವೇಗವನ್ನೇ ಎರಡು ಕಂಪ್ಯೂಟರುಗಳು ಹಂಚಿಕೊಂಡ ಮನೆಗಳಿದ್ದವು. ಇವತ್ತು ಬಸ್ಸಿನಲ್ಲಿ ಕೂತು ಫೋನಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪ್ ತೆರೆಯುವವರು ಮಾಡುತ್ತಿರುವುದೂ ಅದನ್ನೇ, ರೂಟರ್ ಆಗಿರುವುದು ಫೋನು.

ಇಷ್ಟು ಹೊತ್ತು ಹೇಳಿದ್ದು ವಿಳಾಸದ ಹಂಚಿಕೆ. ಮನೆಯಲ್ಲಿ ಜಗಳವಾಗುವುದು ವೇಗದ ಹಂಚಿಕೆಗೆ. ವಠಾರದಲ್ಲಿ ನಲ್ಲಿಯೂ ಒಂದೇ ಇರುತ್ತಿತ್ತಲ್ಲ.

ಹಂಚಿಕೆ ಮನೆಯೊಳಗೆ ಶುರುವಾಗುವುದೂ ಅಲ್ಲ. ಮನೆ ಫೈಬರಿನಲ್ಲಿ ಹೆಚ್ಚಾಗಿ ಬಳಸುವ ಜಿಪಾನ್ ತಂತ್ರದಲ್ಲಿ ಕಂಪನಿಯಿಂದ ಹೊರಟ ಒಂದು ಎಳೆ ಬೀದಿಯ ಪೆಟ್ಟಿಗೆಯಲ್ಲಿ ಕವಲೊಡೆದು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಇಳಿಯುವ ದಿಕ್ಕಿನಲ್ಲಿ ಒಟ್ಟು 2.5 ಗಿಗಾಬಿಟ್, ಏರುವ ದಿಕ್ಕಿನಲ್ಲಿ ಅದರ ಅರ್ಧ, ಆ ಎಲ್ಲ ಮನೆಗಳಿಗೂ ಸೇರಿ. ಆದರೂ ‘ನೆಟ್ ಸ್ಲೋ’ ಎಂಬ ದೂರಿನ ಮೂಲ ನನ್ನ ಮನೆಯಲ್ಲಿ, ಗೆಳೆಯರ ಮನೆಗಳಲ್ಲಿ ನಾನು ಹುಡುಕಿದಷ್ಟೂ ಸಲ ಹೆಚ್ಚಾಗಿ ಸಿಕ್ಕಿದ್ದು ಮನೆಯೊಳಗೆ, ಅದರಲ್ಲೂ ಯಾರೂ ನೋಡದ ಅಪ್‌ಲೋಡಿನ ಕಡೆ.

ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇರಲಿ. ಮದುವೆಗೆ ಹೋಗಿಬಂದ ಫೋನು ವೈಫೈ ಸಿಕ್ಕಿದ್ದೇ ತಡ ಫೋಟೋ, ವಿಡಿಯೋಗಳನ್ನೆಲ್ಲ ಮೇಲಕ್ಕೆ ಕಳಿಸಲು ತೊಡಗುತ್ತದೆ. ಇಷ್ಟು ಹೊತ್ತು ಕಾಗದ ಅಂದದ್ದರ ನಿಜವಾದ ಹೆಸರು ಪ್ಯಾಕೆಟ್. ತುಂಬಿದ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್, ಅಂದರೆ 12,000 ಬಿಟ್. ಅದು ಆ ಕೊಳವೆಯಲ್ಲಿ ಹೊರಹೋಗಲು 1.2 ಮಿಲಿಸೆಕೆಂಡು ಬೇಕು. ಫೋನು ಅದಕ್ಕಿಂತ ವೇಗವಾಗಿ ರೂಟರಿಗೆ ಸುರಿಯುತ್ತದೆ. ಪಾಪದ ರೂಟರು ಯಾವುದನ್ನೂ ಬಿಸಾಡಬಾರದೆಂದು ಎಲ್ಲವನ್ನೂ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಸಾಲಿನಲ್ಲಿ ಒಂದು ಮೆಗಾಬೈಟ್ ಸೇರಿತೆಂದರೆ ಅದು ಖಾಲಿಯಾಗಲು 800 ಮಿಲಿಸೆಕೆಂಡು. ಈಗ ಆನ್‌ಲೈನ್ ಪಾಠದಲ್ಲಿ ಮಗಳು ‘ಪ್ರೆಸೆಂಟ್ ಮೇಡಂ’ ಎಂದಳು. ಅವಳ ದನಿ ಒಂದು ಪುಟ್ಟ ಪ್ಯಾಕೆಟ್. ಅದು ಹೋಗಿ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಮಾತುಕತೆ ಸಹಜವಾಗಿರಬೇಕಾದರೆ ದನಿ 150 ಮಿಲಿಸೆಕೆಂಡಿನೊಳಗೆ ಆಚೆ ಮುಟ್ಟಬೇಕು ಎಂಬುದು ದೂರಸಂಪರ್ಕದಲ್ಲಿ ಒಪ್ಪಿಕೊಂಡ ಅಳತೆ. ಗೇಟು ದಾಟುವ ಮೊದಲೇ ಅದರ ಐದರಷ್ಟು ಹೊತ್ತು ಕಳೆದಿದೆ. ಪಾಠವೊಂದೇ ಅಲ್ಲ, ವೆಬ್ ಪುಟಗಳೂ ಎಳೆಯುತ್ತವೆ, ಏಕೆಂದರೆ ‘ಈ ಪುಟ ಕೊಡಿ’ ಎಂಬ ಬೇಡಿಕೆಯೂ ಅದೇ ಸಾಲಿನಲ್ಲಿ ನಿಲ್ಲಬೇಕು. ಬಿಂದಿಗೆಯೊಂದು ತುಂಬಿಸಿಕೊಳ್ಳಲು ಬಂದವಳು ಹತ್ತು ಡ್ರಮ್ಮುಗಳ ಹಿಂದೆ ನಿಂತ ಹಾಗೆ.

ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಜಿಮ್ ಗೆಟಿಸ್ ಎಂಬ ತಂತ್ರಜ್ಞ ತಮ್ಮ ಮನೆಯ ನೆಟ್ ಯಾಕೆ ಹೀಗೆ ಎಳೆಯುತ್ತದೆಂದು ಬೆನ್ನುಹತ್ತಿ, 2010ರ ಸುಮಾರಿಗೆ ಈ ಹೆಸರನ್ನು ಪ್ರಚಾರಕ್ಕೆ ತಂದರು. ನೀವೂ ಅಳೆಯಬಹುದು. ಯಾರೂ ಬಳಸದಿದ್ದಾಗ ಕಮಾಂಡ್ ಕಿಟಕಿಯಲ್ಲಿ ಗೂಗಲ್‌ನ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಒಂದು ಪುಟ್ಟ ಪ್ಯಾಕೆಟ್ ಕಳಿಸಿ, ಉತ್ತರ ಬರಲು ಹಿಡಿದ ಮಿಲಿಸೆಕೆಂಡುಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ದೊಡ್ಡದೊಂದು ವಿಡಿಯೋ ಅಪ್‌ಲೋಡ್ ಹಚ್ಚಿ ಮತ್ತೆ ಪಿಂಗ್ ಮಾಡಿ. 15ರ ಆಸುಪಾಸಿನಲ್ಲಿದ್ದದ್ದು ನೂರುಗಳಿಗೆ ಹಾರಿದರೆ ಕಾಯಿಲೆ ಇದೇ. 50 ಎಂಬಿಪಿಎಸ್ ಪ್ಲಾನ್ ಬಿಟ್ಟು 100ರದ್ದಕ್ಕೆ ಹೆಚ್ಚು ಹಣ ಕೊಡುವ ಮೊದಲು ಈ ಒಂದು ಪರೀಕ್ಷೆ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಔಷಧವೂ ಇದೆ. ಒಂದೇ ಸಾಲಿನ ಬದಲು ಪ್ರತಿಯೊಂದು ಮಾತುಕತೆಗೂ ಒಂದೊಂದು ಸಾಲು ಮಾಡಿ, ಎಲ್ಲ ಸಾಲುಗಳಿಂದಲೂ ಸರದಿಯಂತೆ ಒಂದೊಂದು ಪ್ಯಾಕೆಟ್ ಬಿಡುವುದು. ಹಾಗೆ ಮಾಡಿದರೆ ಫೋಟೋಗಳ ರಾಶಿ ಎಷ್ಟೇ ಇರಲಿ, ಮಗಳ ದನಿ ಒಂದೆರಡು ಮಿಲಿಸೆಕೆಂಡು ಕಾದರೆ ಸಾಕು. ಓಪನ್‌ವರ್ಟ್ ತಂತ್ರಾಂಶ ಹಾಕಬಹುದಾದ ರೂಟರುಗಳಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ಕೆಲವು ರೂಟರುಗಳಲ್ಲಿ ಯಾವುದಕ್ಕೆ ಮೊದಲ ಸರದಿ ಎಂದು ನಿಗದಿ ಮಾಡುವ ಕ್ಯೂಒಎಸ್ ಪುಟದಲ್ಲೂ ಇದಕ್ಕೆ ಹತ್ತಿರದ್ದಿರುತ್ತದೆ. ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ. 90ರಷ್ಟಕ್ಕೆ ಇಡಿ. ಆಗ ಸಾಲು ನಿಲ್ಲುವುದು ಕಂಪನಿಯ ಡಬ್ಬಿಯಲ್ಲಲ್ಲ, ಸರದಿ ಗೊತ್ತಿರುವ ನಿಮ್ಮ ರೂಟರಿನಲ್ಲಿ. ಅದಾವುದೂ ಸಾಧ್ಯವಿಲ್ಲದಿದ್ದರೆ ಫೋಟೋ ಬ್ಯಾಕಪ್ಪನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಹಚ್ಚಿ.

ವೈಫೈಯದು ಬೇರೆಯೇ ಕತೆ. ತಂತಿಯಲ್ಲಿ ಪ್ರತಿ ಯಂತ್ರಕ್ಕೂ ತನ್ನದೇ ದಾರಿ. ಗಾಳಿ ಮಾತ್ರ ಎಲ್ಲರಿಗೂ ಒಂದೇ, ಒಂದು ಚಾನೆಲ್ಲಿನಲ್ಲಿ ಹೆಚ್ಚುಕಡಿಮೆ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ದೂರದಲ್ಲಿರುವ ಯಂತ್ರಕ್ಕೆ ಸಿಗ್ನಲ್ ಕ್ಷೀಣವಾದಾಗ ಅದು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗುತ್ತದೆ. ರೂಟರಿನ ಪಕ್ಕದ ಲ್ಯಾಪ್‌ಟಾಪ್ 300 ಎಂಬಿಪಿಎಸ್‌ನಲ್ಲಿ ಕಳಿಸುವ ಪ್ಯಾಕೆಟ್ಟನ್ನೇ ಹಿತ್ತಿಲ ಕೋಣೆಯ ಹಳೆಯ ಫೋನು 6 ಎಂಬಿಪಿಎಸ್‌ನಲ್ಲಿ ಕಳಿಸಿದರೆ ಐವತ್ತು ಪಟ್ಟು ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ಮನೆಯ ಬೇರೆಲ್ಲ ಯಂತ್ರಗಳೂ ಕಾಯಬೇಕು. ಒಂದು ಮೂಲೆಯ ದುರ್ಬಲ ಸಿಗ್ನಲ್ ಇಡೀ ಮನೆಯ ವೇಗ ತಿನ್ನುವುದು ಹೀಗೆ.

2.4 ಗಿಗಾಹರ್ಟ್ಸ್ ಪಟ್ಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆಗಳ ರೂಟರುಗಳು ಆ ಮೂರರಲ್ಲೇ ಕಿಕ್ಕಿರಿದಿರುತ್ತವೆ. 5 ಗಿಗಾಹರ್ಟ್ಸಿನಲ್ಲಿ ಜಾಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಕರಾವಳಿ, ಮಲೆನಾಡಿನ ಹಳೆಯ ಮನೆಗಳ ಒಂದಡಿ ದಪ್ಪದ ಕೆಂಪುಕಲ್ಲಿನ ಗೋಡೆ ಎರಡು ಅಡ್ಡ ಬಂದರೆ ಅದು ಅಲ್ಲಿಗೇ ನಿಂತಂತೆ. ಕಬ್ಬಿಣ ತುಂಬಿದ ಆರ್‌ಸಿಸಿ ತಾರಸಿಯೂ ಹಾಗೇ. ರೂಟರನ್ನು ಟಿವಿಯ ಹಿಂದೆ ಅಥವಾ ಗಾಡ್ರೇಜ್ ಬೀರುವಿನ ಮೇಲೆ ಅಡಗಿಸುವುದು ಬಿಟ್ಟು ಮನೆಯ ನಡುಮಧ್ಯದಲ್ಲಿ, ಎತ್ತರದಲ್ಲಿ, ಬಯಲಾಗಿ ಇಡಿ. ಜಾಗ ಬದಲಿಸದ ಟಿವಿಗೂ ಮೇಜಿನ ಕಂಪ್ಯೂಟರಿಗೂ ತಂತಿ ಎಳೆಯಿರಿ. ಕ್ಯಾಟ್ 5ಇ ಕೇಬಲ್ಲು 100 ಮೀಟರಿನವರೆಗೆ ಒಂದು ಗಿಗಾಬಿಟ್ ಸಾಗಿಸುತ್ತದೆ. ಅವೆರಡು ಗಾಳಿಯಿಂದ ಇಳಿದರೆ ಫೋನುಗಳಿಗೆ ಎಷ್ಟೋ ಹಗುರವಾಗುತ್ತದೆ.

ದೂರದ ಕೋಣೆಗೆ ಮನೆಯಲ್ಲಿ ಬಿದ್ದಿರುವ ಹಳೆಯ ರೂಟರನ್ನೇ ಬಳಸಬಹುದು. ಬಹಳ ಜನ ಎಡವುವುದು ಇಲ್ಲೇ. ಎರಡನೆಯ ರೂಟರನ್ನು ಸುಮ್ಮನೆ ಸಿಕ್ಕಿಸಿದರೆ ಒಂದೇ ವಠಾರಕ್ಕೆ ಇಬ್ಬರು ಓನರಜ್ಜಿಯರು. ಇಬ್ಬರೂ ನಂಬರು ಹಂಚುತ್ತಾರೆ, ಪ್ರಿಂಟರ್ ಒಬ್ಬರ ಕಡೆ, ಲ್ಯಾಪ್‌ಟಾಪ್ ಇನ್ನೊಬ್ಬರ ಕಡೆ ಸೇರಿ ಒಂದಕ್ಕೊಂದು ಕಾಣದಂತಾಗುತ್ತವೆ. ಮೊದಲು ಹಳೆಯ ರೂಟರಿನ ಪುಟ ತೆರೆದು ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಮುಖ್ಯ ರೂಟರು 192.168.1.1 ಆಗಿದ್ದರೆ. ಅದರ ಡಿಎಚ್‌ಸಿಪಿ ಆರಿಸಿ. ವೈಫೈಗೆ ಮುಖ್ಯ ರೂಟರಿನ ಹೆಸರು, ಪಾಸ್‌ವರ್ಡುಗಳನ್ನೇ ಕೊಟ್ಟು ಚಾನೆಲ್ ಮಾತ್ರ ಬೇರೆ ಇಡಿ. ಆಮೇಲೆ ಮುಖ್ಯ ರೂಟರಿನ ಲ್ಯಾನ್ ತೂತಿನಿಂದ, ಅಂದರೆ ಮನೆಯೊಳಗಿನ ಯಂತ್ರಗಳಿಗೆಂದು ಇರುವ ತೂತಿನಿಂದ, ಬಂದ ಕೇಬಲ್ಲನ್ನು ಹಳೆಯದರ ಲ್ಯಾನ್ ತೂತಿಗೇ ಹಾಕಿ, ವ್ಯಾನ್ ಎಂದು ಬರೆದದ್ದಕ್ಕಲ್ಲ. ಈಗ ಅದು ಯಜಮಾನಿಕೆ ಬಿಟ್ಟು ಬರೀ ದನಿ ದಾಟಿಸುವ ಕೆಲಸ ಮಾಡುತ್ತದೆ.

1994ರಲ್ಲಿ ಕಾಯುತ್ತಿದ್ದ ದೊಡ್ಡ ಪರಿಹಾರ ಏನಾಯಿತು? ಬಂದಿದೆ, ನಿಮ್ಮ ಫೋನಿನಲ್ಲೇ ಇರಬಹುದು. ಐಪಿ ವಿಳಾಸದ ಹೊಸ ರೂಪವಾದ ಐಪಿವಿ6ರ ವಿಳಾಸ 128 ಬಿಟ್ಟುಗಳದು, ಮನೆಯೊಂದಕ್ಕೆ ಕೊಡುವ ಪಾಲಿನಲ್ಲೇ ಹಳೆಯ ಇಡೀ ಇಂಟರ್ನೆಟ್ಟಿನ 429 ಕೋಟಿಯ ಎಷ್ಟೋ ಪಟ್ಟು ವಿಳಾಸಗಳಿರುತ್ತವೆ. ಅದನ್ನು ಹೆಚ್ಚು ಬಳಸುವ ದೇಶಗಳ ಸಾಲಿನಲ್ಲಿ ಭಾರತ ಮುಂದಿದೆ. ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಒಂಟಿಚುಕ್ಕಿಗಳ ಬದಲು ಜೋಡಿಚುಕ್ಕಿಗಳಿಂದ (:) ಬೇರ್ಪಡಿಸಿದ, 2 ಎಂದು ಶುರುವಾಗುವ ಉದ್ದನೆಯ ವಿಳಾಸ ಕಂಡರೆ ಆ ಯಂತ್ರಕ್ಕೆ ಲೋಕಕ್ಕೆಲ್ಲ ಗೊತ್ತಾಗುವ ಸ್ವಂತ ಡೋರ್ ನಂಬರು ಸಿಕ್ಕಿದೆ. ಅದಕ್ಕೆ ಅಜ್ಜಿಯ ಪುಸ್ತಕ ಬೇಕಿಲ್ಲ. ಆದರೆ ಪುಸ್ತಕದ ಜೊತೆ ಬರುತ್ತಿದ್ದ ಕಾವಲೂ ಇಲ್ಲವಾಗುತ್ತದೆ. ಹಾಗಾಗಿ ರೂಟರಿನ ಪುಟದಲ್ಲಿ ಐಪಿವಿ6 ಫೈರ್‌ವಾಲ್ ಹಚ್ಚಿದೆಯೇ ಎಂದು ಒಮ್ಮೆ ನೋಡಿ. ಅದು ಹಚ್ಚಿದ್ದರೆ ಹೊರಗಿನಿಂದ ತಾನಾಗಿ ಬಂದವರನ್ನು ಮೊದಲಿನಂತೆ ಗೇಟಿನಲ್ಲೇ ತಡೆಯುತ್ತದೆ. ತೋಟದ ಕ್ಯಾಮೆರಾ ನೋಡಬೇಕಿದ್ದರೆ ಅದೊಂದರ ವಿಳಾಸಕ್ಕೆ, ಅದಕ್ಕೆ ಬೇಕಾದ ಒಂದು ಪೋರ್ಟಿಗೆ ಮಾತ್ರ ದಾರಿ ಬಿಡಿ.